ಹುಳು ನೋಡಿ ಬರುತ್ತೇನೆ

ಒಂಬತ್ತು ವರ್ಷಗಳಿಂದ ನನ್ನ ಕೈಚೀಲದಲ್ಲಿ ಒಂದು ನೀಲಿ ರಟ್ಟಿನ ನೋಟ್‌ಪುಸ್ತಕ ಓಡಾಡುತ್ತಿದೆ. ಈಗಿರುವುದು ನಾಲ್ಕನೆಯದು, ಹಿಂದಿನ ಮೂರು ಬೀರುವಿನಲ್ಲಿವೆ. ಗಣಿತ ಕಲಿಸುವವಳಿಗೆ ಬಂದ ಸಕ್ಕರೆ ಕಾಯಿಲೆಯಾದ್ದರಿಂದ ಅದಕ್ಕೆ ಸಲ್ಲಬೇಕಾದ ಮರ್ಯಾದೆಯೆಲ್ಲ ಸಂದಿದೆ. ಸ್ಕೇಲು ಇಟ್ಟು ಕೆಂಪು ಶಾಯಿಯಲ್ಲಿ ಎಳೆದ ಅಂಕಣಗಳು: ದಿನಾಂಕ, ಖಾಲಿ ಹೊಟ್ಟೆಯ ಸಕ್ಕರೆ, ಊಟವಾಗಿ ಎರಡು ಗಂಟೆ ಕಳೆದ ಮೇಲಿನ ಸಕ್ಕರೆ, ತೂಕ, ಮಾತ್ರೆ. ಮೂರು ತಿಂಗಳ ಸರಾಸರಿಗೆ (ಎಚ್‌ಬಿಎ1ಸಿ ಪರೀಕ್ಷೆ, ಶೇಕಡಾ ಲೆಕ್ಕ) ಮಾತ್ರ ಹಸಿರು ಶಾಯಿ. ಆ ಹಸಿರು ಅಂಕಿ 7ರ ಕೆಳಗಿದ್ದರೆ ಆಸ್ಪತ್ರೆಯಿಂದ ಹೊರಬರುವಾಗ ನಡಿಗೆಯೇ ಬೇರೆಯಾಗಿರುತ್ತದೆ, ಮೇಲಿದ್ದರೆ ಆಟೊ ಹಿಡಿಯುತ್ತೇನೆ.

ಕಳೆದ ವರ್ಷ ಆಷಾಢದಲ್ಲಿ ತಪಾಸಣೆಗೆ ಹೋದಾಗ ನಮ್ಮ ಡಾಕ್ಟರು ರಜೆಯಲ್ಲಿದ್ದರು. ಅವರ ಕುರ್ಚಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಒಬ್ಬ ಹುಡುಗಿ ಕುಳಿತಿದ್ದಳು. ನೋಟ್‌ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ ಹಾಕಿ, 'ಮೇಡಂ, ಇಷ್ಟೊಂದು ಬರೆದಿದ್ದೀರಿ, ನಿದ್ದೆಯದು ಎಲ್ಲಿದೆ?' ಎಂದಳು. ನಾನು ನಕ್ಕೆ. 'ವಯಸ್ಸಾಯಿತಲ್ಲಮ್ಮ, ಮೂರು ಸಲ ಎಚ್ಚರವಾಗುತ್ತದೆ' ಎಂದೆ. ಅವಳು ನಗಲಿಲ್ಲ. 'ಏತಕ್ಕೆ ಎಚ್ಚರವಾಗುತ್ತದೆ?' ಎಂದು ಕೇಳಿದಳು. ಐವತ್ತೆರಡು ವರ್ಷದ ನನಗೆ ಉತ್ತರ ಗೊತ್ತಿರಲಿಲ್ಲ. ಎಚ್ಚರವಾಗುತ್ತದೆ, ಅಷ್ಟೇ. ನಾಯಿ ಬೊಗಳುತ್ತದೆ, ಗಂಟಲು ಒಣಗುತ್ತದೆ, ಸೆಕೆ ಎನ್ನಿಸುತ್ತದೆ, ಬಚ್ಚಲಿಗೆ ಹೋಗಿ ಬರುತ್ತೇನೆ, ಆಮೇಲೆ ನಿದ್ದೆ ಬರುವುದಿಲ್ಲ. ಒಂಬತ್ತು ವರ್ಷ ಇದಕ್ಕೆಲ್ಲ 'ನಿದ್ದೆ ಬರುವುದಿಲ್ಲ' ಎಂಬ ಒಂದೇ ಹೆಸರಿಟ್ಟುಕೊಂಡು ಬದುಕಿದ್ದೆ. ಬೇರೆ ಬೇರೆ ಲೆಕ್ಕಗಳಿಗೆಲ್ಲ ಒಂದೇ ಉತ್ತರ ಬರೆದಿಟ್ಟ ವಿದ್ಯಾರ್ಥಿಗೆ ನಾನು ಸೊನ್ನೆ ಕೊಡುತ್ತೇನೆ.

ಅಂದು ಸಂಜೆಯೇ ಹೊಸ ಅಂಕಣ ಎಳೆದೆ. ಮೂವತ್ತು ರಾತ್ರಿಗಳ ಲೆಕ್ಕ. ಎಷ್ಟು ಹೊತ್ತಿಗೆ ಎಚ್ಚರ, ಎದ್ದಾಗ ಮೈ ಹೇಗಿತ್ತು, ಮತ್ತೆ ಮಲಗಲು ಎಷ್ಟು ಹೊತ್ತು ಹಿಡಿಯಿತು. ಚಿಕ್ಕಬಳ್ಳಾಪುರದ ರಾತ್ರಿ ನಿಶ್ಶಬ್ದವಾಗಿರುತ್ತದೆ ಎಂದು ನಂಬಿದವರು ನನ್ನ ಮನೆಯಲ್ಲಿ ಒಂದು ರಾತ್ರಿ ಮಲಗಬೇಕು. ಒಂದೂವರೆಗೆ ಬೆಂಗಳೂರಿನ ಮಾರುಕಟ್ಟೆಗೆ ಸೇವಂತಿಗೆ ಹೊರುವ ಟೆಂಪೊಗಳು ಹೊರಡುತ್ತವೆ. ಭಾನುವಾರವಾದರೆ ಮೂರು ಗಂಟೆಯಿಂದಲೇ ಸ್ಕಂದಗಿರಿಯ ಮೇಲೆ ಸೂರ್ಯೋದಯ ನೋಡಲು ಬರುವ ಹುಡುಗರ ಬೈಕುಗಳು. ನಾಲ್ಕೂಮುಕ್ಕಾಲಿಗೆ ಎದುರು ಮನೆಯ ನೀರಿನ ಮೋಟಾರು. ಈ ಸದ್ದುಗಳೇ ನನ್ನನ್ನು ಎಬ್ಬಿಸುತ್ತಿವೆ ಎಂದು ಅಲ್ಲಿಯವರೆಗೆ ನಂಬಿದ್ದೆ. ಲೆಕ್ಕ ಇಡಲು ಕುಳಿತ ಮೇಲೆ ತಿಳಿದದ್ದು, ಟೆಂಪೊ ಬರುವ ಹೊತ್ತಿಗೆ ನಾನು ಆಗಲೇ ಎದ್ದಿರುತ್ತೇನೆ. ಮೂವತ್ತು ರಾತ್ರಿಗೆ ಎಂಬತ್ತೇಳು ಎಚ್ಚರಗಳು. ಅವು ಮೂರು ಗುಂಪಾಗಿ ಬಿದ್ದಿದ್ದವು, ಒಂದೊಂದರ ಮುಖವೂ ಬೇರೆ.

ಮೊದಲನೆಯ ಎಚ್ಚರ

ಒಂದೂವರೆ ಗಂಟೆಯ ಎಚ್ಚರ ತುಂಬಾ ಸರಳವಾದದ್ದು. ಶುಗರ್ ಇರುವ ಯಾರನ್ನು ಕೇಳಿದರೂ ಹೇಳುತ್ತಾರೆ. ರಕ್ತವನ್ನು ಸೋಸುವಾಗ ಮೂತ್ರಪಿಂಡಗಳು ಸಕ್ಕರೆಯನ್ನು ಎತ್ತಿ ಎತ್ತಿ ಒಳಕ್ಕೆ ಹಾಕಿಕೊಳ್ಳುತ್ತವೆ, ಆದರೆ ಅವುಗಳ ಕೈಗೂ ಒಂದು ಮಿತಿ ಇದೆ. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿತೆಂದರೆ ಉಳಿದದ್ದು ಮೂತ್ರಕ್ಕೆ ಇಳಿಯುತ್ತದೆ, ಇಳಿಯುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ರಾತ್ರಿ ಊಟಕ್ಕೆ ಎರಡನೆಯ ಮುದ್ದೆ ಮುರಿದ ದಿನ, ಮದುವೆ ಮನೆಯ ಊಟ ಮಾಡಿದ ದಿನ, ನನ್ನ ಪಟ್ಟಿಯಲ್ಲಿ ಬಚ್ಚಲ ಬಾಗಿಲಿನ ಚಿಲಕ ಎರಡೆರಡು ಸಲ ಸದ್ದು ಮಾಡಿದೆ. ನೀರು ಹೋಯಿತೆಂದು ಬಾಯಾರಿಕೆ, ಬಾಯಾರಿತೆಂದು ಒಂದು ಚೊಂಬು ನೀರು, ಆ ನೀರಿಗಾಗಿ ಮತ್ತೆ ಮೂರಕ್ಕೆ ಏಳುವುದು. ರಾತ್ರಿ ಏಳಬೇಕಾಗುತ್ತದೆಂದು ಹಗಲೆಲ್ಲ ನೀರು ಕುಡಿಯುವುದನ್ನೇ ಬಿಟ್ಟ ನನ್ನ ಸಹೋದ್ಯೋಗಿಯೊಬ್ಬರಿದ್ದಾರೆ. ಅವರಿಗೆ ತಲೆನೋವು ಬಂತೇ ಹೊರತು ನಿದ್ದೆ ಬರಲಿಲ್ಲ. ನನ್ನ ವಿಷಯದಲ್ಲಿ ಇನ್ನೊಬ್ಬ ಕಳ್ಳನೂ ಇದ್ದ. ರಕ್ತದೊತ್ತಡಕ್ಕೆ ಕೊಟ್ಟಿದ್ದ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧಿಯೂ ಸೇರಿತ್ತು, ನಾನು ಅದನ್ನು ಮರೆಯಬಾರದೆಂದು ಶುಗರ್ ಮಾತ್ರೆಯ ಜೊತೆಯಲ್ಲೇ ರಾತ್ರಿ ನುಂಗುತ್ತಿದ್ದೆ. ಆ ಹುಡುಗಿ ಅದನ್ನು ಬೆಳಿಗ್ಗೆಗೆ ಬದಲಾಯಿಸಿದಳು. ಮಾತ್ರೆಯೂ ಅದೇ, ಪ್ರಮಾಣವೂ ಅದೇ, ಹೊತ್ತು ಮಾತ್ರ ಬೇರೆ. ಹತ್ತೇ ದಿನದಲ್ಲಿ ಒಂದೂವರೆಯ ಎಚ್ಚರ ಅರ್ಧಕ್ಕೆ ಇಳಿಯಿತು.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಪ್ರಕಾರ ಈ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿಗೂ ಹೆಚ್ಚು. ಅದನ್ನು ಪತ್ರಿಕೆಯಲ್ಲಿ ಓದಿದಾಗ ಹುಬ್ಬೇರಿಸಿ ಪುಟ ತಿರುವಿದ್ದೆ. ಈಗ ಒಂದೂವರೆಗೆ ಬಚ್ಚಲ ದೀಪ ಹಾಕುವಾಗೆಲ್ಲ ಆ ಅಂಕಿ ನೆನಪಾಗುತ್ತದೆ. ಎಷ್ಟು ಬಚ್ಚಲುಗಳು, ಎಷ್ಟು ದೀಪಗಳು.

ಹೊಂಗೆ ಮರದ ಬುಡ

ನಮ್ಮೂರು ಶಿಡ್ಲಘಟ್ಟದ ಕಡೆ. ಆ ಕಡೆಯವರಾದರೆ ಮುಂದಿನದನ್ನು ವಿವರಿಸಬೇಕಾಗಿಲ್ಲ: ಮನೆಯಲ್ಲಿ ನಮಗಿಂತ ಹೆಚ್ಚು ಜಾಗ ರೇಷ್ಮೆ ಹುಳುಗಳಿಗಿತ್ತು. ನಡುಮನೆಯ ತುಂಬ ತಟ್ಟೆಗಳ ಸ್ಟ್ಯಾಂಡು, ನಾವು ಮಕ್ಕಳು ಮಲಗುತ್ತಿದ್ದದ್ದು ಪಡಸಾಲೆಯಲ್ಲಿ. ನಾಲ್ಕನೆಯ ಜ್ವರ (ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ) ಎದ್ದ ಮೇಲೆ ಹುಳುಗಳಿಗೆ ಹೊಟ್ಟೆಬಾಕತನ ಹತ್ತುತ್ತದೆ. ಒಂದು ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ಬಹುಪಾಲನ್ನು ಆ ಒಂದು ವಾರದಲ್ಲೇ ತಿಂದು ಮುಗಿಸುತ್ತವೆ. ಮಳೆ ಕಾಣದ ನಮ್ಮ ಊರಿನಲ್ಲಿ ರಾತ್ರಿಯೆಲ್ಲ ಮಳೆ ಬಿದ್ದಂತೆ ಕೇಳಿಸುತ್ತಿದ್ದದ್ದು ಅವು ಸೊಪ್ಪು ತಿನ್ನುವ ಸದ್ದೊಂದೇ. ಅಮ್ಮ ರಾತ್ರಿ ಏಳುತ್ತಿದ್ದಳು. ಸೆರಗು ಸಿಕ್ಕಿಸಿಕೊಂಡು, ಲಾಟೀನಿನ ಬತ್ತಿ ಏರಿಸಿ, 'ನೀವು ಮಲಗಿ, ಹುಳು ನೋಡಿ ಬರುತ್ತೇನೆ' ಎನ್ನುತ್ತಿದ್ದಳು. ಸೊಪ್ಪು ಹಾಕುತ್ತಿದ್ದಳು, ಹಂಡೆಯ ಪಕ್ಕದ ಮಡಕೆಯಿಂದ ಗಟಗಟನೆ ನೀರು ಕುಡಿಯುತ್ತಿದ್ದಳು, ಹಿತ್ತಲ ಬಾಗಿಲು ತೆರೆದು ಹೊರಗೆ ಹೋಗಿ ಬರುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದ ಸದ್ದು. ಊರಿನಲ್ಲಿ ಅವಳಿಗೆ ಹೆಸರಿತ್ತು. 'ಆಕೆ ಕಣ್ಣು ಮುಚ್ಚುವುದಿಲ್ಲ, ಅದಕ್ಕೇ ಅವರ ಬೆಳೆ ಕೆಡುವುದಿಲ್ಲ' ಎಂದು ಹೆಂಗಸರು ಹೊಗಳುತ್ತಿದ್ದರು. ಅಮ್ಮನಿಗೆ ಆ ಹೊಗಳಿಕೆ ಇಷ್ಟವಿತ್ತು. ನನಗೂ ಹೆಮ್ಮೆಯಿತ್ತು.

ಹನ್ನೊಂದು ವರ್ಷದ ನಾನು ನೋಡಿಯೂ ನೋಡದೆ ಬಿಟ್ಟದ್ದು ಒಂದಿದೆ. ಹುಳು ಜ್ವರಕ್ಕೆ ಕುಳಿತ ರಾತ್ರಿ ಸೊಪ್ಪು ಹಾಕುವ ಕೆಲಸವಿರುವುದಿಲ್ಲ. ಅವು ತಲೆಯೆತ್ತಿ, ಅಲ್ಲಾಡದೆ, ಪೊರೆ ಕಳಚಲು ಕಾಯುತ್ತ ಕುಳಿತಿರುತ್ತವೆ. ಆಗ ಅವನ್ನು ಮುಟ್ಟಬಾರದು, ಅಲುಗಿಸಬಾರದು. ಮನೆಯಿಡೀ ಸದ್ದಡಗಿರುತ್ತಿತ್ತು. ಬೇರೆ ಮನೆಗಳಲ್ಲಿ ಹೆಂಗಸರು ನಿದ್ದೆ ಮಾಡಿಕೊಳ್ಳುತ್ತಿದ್ದದ್ದು ಅಂಥ ರಾತ್ರಿಗಳಲ್ಲೇ. ಅಮ್ಮ ಆ ರಾತ್ರಿಗಳಲ್ಲೂ ಏಳುತ್ತಿದ್ದಳು. ಅಂದೂ ಅದೇ ಮಾತು: 'ಹುಳು ನೋಡಿ ಬರುತ್ತೇನೆ.' ನೋಡಲು ಅಲ್ಲಿ ಏನಿತ್ತು?

ಇರುವೆಗಳ ಕಥೆಯೂ ಇದೇ ಕಾಲದ್ದು. ರೇಷ್ಮೆ ಸಾಕುವವರಿಗೆ ಇರುವೆ ಎಂದರೆ ದೊಡ್ಡ ಶತ್ರು, ಸ್ಟ್ಯಾಂಡಿನ ಕಾಲು ಹತ್ತಿ ಹುಳುಗಳನ್ನು ಮುತ್ತುತ್ತವೆ. ಔಷಧಿ ಪುಡಿ ಹಾಕೋಣವೆಂದರೆ ಆ ಗಾಳಿಗೆ ಹುಳುವೇ ಸಾಯುತ್ತದೆ. ಅದಕ್ಕೆ ಸ್ಟ್ಯಾಂಡಿನ ನಾಲ್ಕು ಕಾಲುಗಳ ಕೆಳಗೂ ನೀರು ತುಂಬಿದ ಬಟ್ಟಲು ಇಡುತ್ತಿದ್ದರು. ಆ ಬಟ್ಟಲುಗಳಿಗೆ ನೀರು ಹಾಕುವುದು ನನ್ನ ಕೆಲಸ. ಒಂದು ಬೆಳಿಗ್ಗೆ ಇರುವೆಗಳು ಎಲ್ಲಿಂದ ಬರುತ್ತಿವೆ ಎಂದು ಸಾಲು ಹಿಡಿದು ಹೋದೆ. ಸಾಲು ನಡುಮನೆಗೂ ಹೋಗಿರಲಿಲ್ಲ, ಬೆಲ್ಲದ ಡಬ್ಬಕ್ಕೂ ಹೋಗಿರಲಿಲ್ಲ. ಹಿತ್ತಲ ಬಾಗಿಲಿನಾಚೆ ಹೊಂಗೆ ಮರದ ಬುಡದಲ್ಲಿ, ಅಮ್ಮ ರಾತ್ರಿ ಹೋಗಿ ಕೂರುತ್ತಿದ್ದ ಜಾಗದಲ್ಲಿ, ಒದ್ದೆ ಮಣ್ಣಿನ ಮೇಲೆ ಕೆಂಜಿಗಗಳು ಅಂಗೈ ಅಗಲ ಮುತ್ತಿಕೊಂಡಿದ್ದವು. 'ಅಮ್ಮ, ಇಲ್ಲಿ ಇರುವೆ ಮನೆ ಮಾಡಿವೆ' ಎಂದು ಕೂಗಿದೆ. ಅವಳು ಬಂದು ನೋಡಿ, ಒಂದು ಮೊರ ಒಲೆಬೂದಿ ತಂದು ಸುರಿದಳು. 'ಹುಳು ಮನೆಯ ಕಡೆ ಬರದಿದ್ದರೆ ಸಾಕು' ಎಂದಳು. ಮೂತ್ರಕ್ಕೆ ಇರುವೆ ಮುತ್ತುವುದನ್ನು ಚರಕನ ಕಾಲದವರೇ ಕಾಯಿಲೆಯ ಮುನ್ಸೂಚನೆಯೆಂದು ಬರೆದಿಟ್ಟಿದ್ದಾರೆ. ಮಧುಮೇಹ ಎಂಬ ಹೆಸರಿನಲ್ಲೇ ಜೇನು ಇದೆ. ಆ ಇರುವೆಗಳು ಅಷ್ಟು ನೇರವಾಗಿ ಬರೆದಿಟ್ಟ ವರದಿಯ ಮೇಲೆ ನಾವು ಬೂದಿ ಸುರಿದು ಒಳಗೆ ಹೋದೆವು.

ಅಮ್ಮನಿಗೆ ಶುಗರ್ ಎಂದು ತಿಳಿದದ್ದು ಒಂಬತ್ತು ವರ್ಷ ಕಳೆದ ಮೇಲೆ. ಹಿಪ್ಪುನೇರಳೆ ಕಡ್ಡಿಯ ಕೂಳೆ ಚುಚ್ಚಿ ಕಾಲಿನ ಹೆಬ್ಬೆರಳಿಗೆ ಆದ ಗಾಯ ಎರಡು ತಿಂಗಳಾದರೂ ಮಾಯಲಿಲ್ಲ. ಆಸ್ಪತ್ರೆಯಲ್ಲಿ ರಕ್ತ ನೋಡಿದರೆ ಮುನ್ನೂರರ ಮೇಲಿತ್ತು. ಬೆರಳು ಹೋಯಿತು. ಆಮೇಲೆ ಕೊಳವೆಬಾವಿ ಬತ್ತಿತು, ತೋಟ ಹೋಯಿತು, ಹುಳು ಗೂಡು ಕಟ್ಟುವ ಚಂದ್ರಂಕಿಗಳು ಅಟ್ಟಕ್ಕೇರಿದವು. ಹುಳುವಿಲ್ಲದ ಮನೆಯಲ್ಲೂ ಅಮ್ಮ ಎರಡು ಗಂಟೆಗೆ ಏಳುತ್ತಿದ್ದಳು. 'ಅಭ್ಯಾಸವಾಗಿಬಿಟ್ಟಿದೆ' ಎನ್ನುತ್ತಿದ್ದಳು. ನಾವೂ ಹಾಗೆಯೇ ಅಂದುಕೊಂಡೆವು. 2008ರಲ್ಲಿ ಅವಳು ಹೋಗುವವರೆಗೂ ಯಾರೊಬ್ಬರೂ, ವೈದ್ಯರೂ ಸೇರಿ, ಅವಳನ್ನು ಏತಕ್ಕೆ ಏಳುತ್ತೀಯ ಎಂದು ಕೇಳಲಿಲ್ಲ. ದುಡಿಯುವ ಹೆಂಗಸು ರಾತ್ರಿ ಎದ್ದಿದ್ದರೆ ಅದಕ್ಕೆ ಕಾರಣ ಹುಡುಕುವ ಪದ್ಧತಿ ನಮ್ಮಲ್ಲಿಲ್ಲ.

ಸಂಕಷ್ಟಿಯ ರಾತ್ರಿ

ಮೂರು ಗಂಟೆಯ ಎಚ್ಚರಕ್ಕೆ ಬರುತ್ತೇನೆ. ಇದು ದಿನವೂ ಬರುವಂಥದ್ದಲ್ಲ, ತಿಂಗಳಿಗೆ ನಾಲ್ಕೈದು ಸಲ. ಮೈಯೆಲ್ಲ ಬೆವರು, ಎದೆ ಹೊಡೆದುಕೊಳ್ಳುವುದು, ಯಾವುದೋ ಕೆಟ್ಟ ಕನಸಿನ ಬಾಲ. ಎರಡು ವರ್ಷದಿಂದ ಇದಕ್ಕೆ ನಾನೇ ಕಾರಣ ಕಂಡುಹಿಡಿದುಕೊಂಡಿದ್ದೆ: ಮುಟ್ಟು ನಿಲ್ಲುವ ಕಾಲ. ಶಾಲೆಯ ಸ್ಟಾಫ್ ರೂಮಿನಲ್ಲಿ ನನ್ನ ವಯಸ್ಸಿನ ಮೂವರು ಹೆಂಗಸರಿದ್ದೇವೆ, ಮೂವರಿಗೂ ರಾತ್ರಿ ಬೆವರು. ಫ್ಯಾನಿನ ಕೆಳಗಿನ ಕುರ್ಚಿಗೆ ಮೂವರೂ ಜಗಳವಾಡುತ್ತೇವೆ. ಎಲ್ಲರಿಗೂ ಇರುವುದೇ ನನಗೂ ಇದೆ ಎಂದುಕೊಂಡರೆ ಒಂದು ನೆಮ್ಮದಿ ಸಿಗುತ್ತದೆ, ಆ ನೆಮ್ಮದಿಯಲ್ಲಿ ನಾನು ತಣ್ಣಗೆ ಕುಳಿತಿದ್ದೆ.

ಲೆಕ್ಕ ಇಡಲು ಶುರು ಮಾಡಿ ಹದಿನೇಳನೆಯ ದಿನ ಸಂಕಷ್ಟಿ. ಮದುವೆಯಾದಾಗಿನಿಂದ ಮಾಡಿಕೊಂಡು ಬಂದ ಉಪವಾಸ. ಡಾಕ್ಟರಿಗೆ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಹಗಲು ಹಾಲು, ಒಂದು ಬಾಳೆಹಣ್ಣು. ಚಂದ್ರ ಮೋಡದಲ್ಲಿ ಸಿಕ್ಕಿಕೊಂಡು ತಡವಾಯಿತು. ಪೂಜೆ ಮುಗಿಸಿ, ಹಸಿವು ಸತ್ತುಹೋಗಿದ್ದರಿಂದ ಎರಡು ತುತ್ತು ಅವಲಕ್ಕಿ ತಿಂದು, ಅಭ್ಯಾಸಬಲದಿಂದ ಮಾತ್ರೆ ನುಂಗಿ ಮಲಗಿದೆ. ನನ್ನ ಮಾತ್ರೆಯಲ್ಲಿ ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ಇದೆ. ಮೆಟ್‌ಫಾರ್ಮಿನ್ ಸಾಧು. ಗ್ಲಿಮೆಪಿರೈಡ್ ಹಾಗಲ್ಲ, ನೀವು ಉಂಡಿದ್ದೀರೋ ಇಲ್ಲವೋ ಎಂದು ವಿಚಾರಿಸದೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ.

ಕನಸಿನಲ್ಲಿ ನಾನು ಪರೀಕ್ಷಾ ಕೊಠಡಿಯಲ್ಲಿದ್ದೆ. ಮೇಲ್ವಿಚಾರಣೆಗೆ ನಿಂತವಳು, ಆದರೆ ಕೈಯಲ್ಲಿದ್ದ ಉತ್ತರ ಪತ್ರಿಕೆಗಳೆಲ್ಲ ಖಾಲಿ, ಒಂದರಲ್ಲೂ ಹೆಸರಿಲ್ಲ. ಯಾರೋ ಭುಜ ಹಿಡಿದು ಅಲುಗಿಸುತ್ತಿದ್ದರು. ನಮ್ಮವರು. ನಾನು ನಿದ್ದೆಯಲ್ಲಿ ನರಳುತ್ತಿದ್ದೆನಂತೆ. ರವಿಕೆ ಹಿಂಡಿದರೆ ನೀರು ಬರುವಷ್ಟು ಒದ್ದೆ, ದಿಂಬೂ ಒದ್ದೆ, ಆದರೆ ಮೈ ತಣ್ಣಗೆ. 'ಏನಾಯಿತು?' ಎಂದರೆ ನಾಲಿಗೆ ಹೊರಳುತ್ತಿಲ್ಲ. ಸ್ಟಾಫ್ ರೂಮಿನ ಬೆವರಿಗೂ ಈ ಬೆವರಿಗೂ ವ್ಯತ್ಯಾಸವಿದೆ ಎಂದು ಆಗ ಹೊಳೆಯಿತು. ಆ ಬೆವರು ಬಿಸಿ, ಮುಖದಿಂದ ಶುರುವಾಗುತ್ತದೆ. ಇದು ತಣ್ಣನೆಯದು, ಕತ್ತಲ ಹಿತ್ತಲಿನಿಂದ ಬಂದಂಥದ್ದು. ಕೈ ನಡುಗುತ್ತಿದ್ದರಿಂದ ಬೆರಳು ಚುಚ್ಚಿದವರು ಅವರೇ. ಗ್ಲೂಕೋಮೀಟರ್ 52 ತೋರಿಸಿತು. 70ಕ್ಕಿಂತ ಕೆಳಗಿದ್ದರೆ ಕಡಿಮೆ ಎಂದು ಲೆಕ್ಕ.

ಮುಂದಿನ ಹತ್ತು ನಿಮಿಷವನ್ನು ಈಗ ಹೇಳಿಕೊಂಡು ನಗುತ್ತೇವೆ. ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೊಡಬೇಕು, ಅವರಿಗೆ ಅದು ಗೊತ್ತಿತ್ತು. ಆದರೆ ಸಕ್ಕರೆ ಸಿಗಲಿಲ್ಲ. ಕಾಯಿಲೆ ಬಂದ ಹೊಸದರಲ್ಲಿ ನನ್ನ ಕೈಗೆ ಸಿಗದಿರಲೆಂದು ನಾನೇ ಸಕ್ಕರೆ ಡಬ್ಬವನ್ನು ಮೇಲಿನ ಹಲಗೆಯಲ್ಲಿ ಹುರಿಹಿಟ್ಟಿನ ಡಬ್ಬದ ಹಿಂದೆ ಬಚ್ಚಿಟ್ಟಿದ್ದೆ. ಅವರು ಅಡುಗೆಮನೆಯಲ್ಲಿ ಒಂದೊಂದೇ ಡಬ್ಬ ತೆಗೆದು ಮೂಸಿ ನೋಡುತ್ತಿರುವ ಸದ್ದು ಕೇಳಿಸುತ್ತಿತ್ತು. ಉಪ್ಪು, ರವೆ, ಸೋಡಾ. 'ಎಲ್ಲಿಟ್ಟಿದ್ದೀಯೇ?' ಎಂದು ಕೂಗುತ್ತಾರೆ, ನನಗೆ 'ಹಿಟ್ಟು' ಎನ್ನುವಷ್ಟೇ ಬರುತ್ತದೆ, ಅವರು ರಾಗಿಹಿಟ್ಟಿನ ಡಬ್ಬಕ್ಕೆ ಕೈ ಹಾಕುತ್ತಾರೆ. ಕೊನೆಗೆ ಫ್ರಿಜ್ ತೆರೆದರು. ಸೋದರತ್ತೆಯ ಮಗ ತೋಟದಿಂದ ತಂದುಕೊಟ್ಟಿದ್ದ ಕಪ್ಪು ದ್ರಾಕ್ಷಿ ಒಂದು ಬುಟ್ಟಿ ಇತ್ತು, ನಮ್ಮ ಕಡೆಯ ಬೆಂಗಳೂರು ಬ್ಲೂ. ಒಂಬತ್ತು ವರ್ಷದಿಂದ ಮೂರೋ ನಾಲ್ಕೋ ಎಣಿಸಿ ತಿನ್ನುತ್ತಿದ್ದ ಹಣ್ಣು. ಅವರು ಒಂದೊಂದೇ ದ್ರಾಕ್ಷಿಯನ್ನು ಹಿಸುಕಿ ತಿರುಳನ್ನು ನನ್ನ ಬಾಯಿಗೆ ಹಾಕುತ್ತಿದ್ದರು, ಬೀಜ ಗಂಟಲಿಗೆ ಸಿಕ್ಕೀತೆಂದು ಕೆಳಗೆ ಅಂಗೈ ಹಿಡಿದಿದ್ದರು, ನಾನು ಅದರಲ್ಲಿ ಉಗಿಯುತ್ತಿದ್ದೆ. ಹದಿನೈದು ನಿಮಿಷಕ್ಕೆ 68, ಮತ್ತೆ ಹದಿನೈದು ನಿಮಿಷಕ್ಕೆ 91. ಹಾಸಿಗೆಯ ಮೇಲೆಲ್ಲ ನೇರಳೆ ಕಲೆ. ಆ ಹೊದಿಕೆಯನ್ನು ಎಷ್ಟು ಒಗೆದರೂ ಇನ್ನೂ ಹೋಗಿಲ್ಲ.

ಸಕ್ಕರೆ ಡಬ್ಬ ಈಗ ಮಂಚದ ಪಕ್ಕದ ಮೇಜಿನ ಮೇಲಿದೆ. ನೆಂಟರು ಬಂದು ನೋಡಿ ಮುಖ ಮುಖ ನೋಡಿಕೊಳ್ಳುತ್ತಾರೆ.

ಲಿವರ್ ಬಾಗಿಲಿಗೆ ನೀರು ಹಾಕುವ ಹೊತ್ತು

ಆ ರಾತ್ರಿಯ ಭಯ ಬೇರೆ ರೀತಿಯಲ್ಲಿ ತೊಂದರೆ ಕೊಟ್ಟಿತು. ನಿದ್ದೆಯಲ್ಲಿ ಸಕ್ಕರೆ ಇಳಿದು ಏಳದೇ ಹೋದರೆ? ನಮ್ಮವರು ಊರಿನಲ್ಲಿ ಇಲ್ಲದ ದಿನ ಹಾಗಾದರೆ? ಈ ಯೋಚನೆ ಹೊಕ್ಕ ಮೇಲೆ ಮಲಗುವುದೆಂದರೆ ಬಾವಿಗೆ ಇಳಿದಂತೆ. ದಿನವೂ ಮಲಗುವ ಮುಂಚೆ 'ಯಾವುದಕ್ಕೂ ಇರಲಿ' ಎಂದು ನಾಲ್ಕು ಬಿಸ್ಕತ್ತು ತಿನ್ನಲು ಹತ್ತಿದೆ. ಬೆಳಗಿನ ಖಾಲಿ ಹೊಟ್ಟೆಯ ಅಂಕಿ 130ರಿಂದ 170ಕ್ಕೆ ಏರಿತು. ಇಳಿದೀತೆಂಬ ಭಯಕ್ಕೆ ಏರಿಸಿಕೊಂಡು ಕೂರುವ ನನ್ನಂಥವರು ಬಹಳ ಮಂದಿ ಇದ್ದಾರೆಂದು ಆ ಹುಡುಗಿ ಹೇಳಿದಳು. ಅವಳು ಬೈಯಲಿಲ್ಲ, ಅದೇ ದೊಡ್ಡದು. ರಾತ್ರಿಯ ಮಾತ್ರೆಯಲ್ಲಿ ಗ್ಲಿಮೆಪಿರೈಡ್ ತೆಗೆದಳು, ಉಪವಾಸದ ದಿನಗಳ ಪಟ್ಟಿ ಕೇಳಿದಳು, ಮೂರು ದಿನ ಮೂರು ಗಂಟೆಗೂ ಆರು ಗಂಟೆಗೂ ರಕ್ತ ನೋಡಿ ಬರೆದು ತರಲು ಹೇಳಿದಳು.

ಆ ಮೂರು ದಿನದ ಅಂಕಿಗಳು ನನಗೆ ಬಾಯಿಪಾಠ. ಮೂರು ಗಂಟೆಗೆ 126, ಆರಕ್ಕೆ 158. 119, 151. 131, 160. ನಡುವೆ ಒಂದು ತೊಟ್ಟು ನೀರು ಬಿಟ್ಟು ಬೇರೇನೂ ಇಲ್ಲ. ಏನನ್ನೂ ತಿನ್ನದೆ ಮೂವತ್ತು ಅಂಕಿ ಏರಿದ್ದು ಎಲ್ಲಿಂದ? ಬೆಳಗಿನ ಜಾವ ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನು ಮುಂತಾದವು ಏರುತ್ತವೆ, ಅವುಗಳ ಮಾತು ಕೇಳಿ ಲಿವರ್ ತನ್ನ ದಾಸ್ತಾನಿನಿಂದ ಸಕ್ಕರೆ ಬಿಡುತ್ತದೆ. ಎಲ್ಲರ ದೇಹದಲ್ಲೂ ಇದು ನಡೆಯುತ್ತದೆ. ಉಳಿದವರಿಗೆ ಇನ್ಸುಲಿನ್ ಅದನ್ನು ಸರಿದೂಗಿಸುತ್ತದೆ, ನಮ್ಮಂಥವರಿಗೆ ಸಾಲುವುದಿಲ್ಲ. ನನಗೆ ಇದು ಅರ್ಥವಾದದ್ದು ಅಮ್ಮನ ಮೂಲಕ. ಮನೆಯವರು ಏಳುವ ಮುಂಚೆ ಎದ್ದು, ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಒಲೆ ಹಚ್ಚುವ ಹೆಂಗಸಿನ ಹಾಗೆ ಲಿವರ್ ನಾಲ್ಕು ಗಂಟೆಗೇ ಕೆಲಸಕ್ಕೆ ಇಳಿಯುತ್ತದೆ. ನನ್ನ ಮೂರನೆಯ ಎಚ್ಚರವೂ ಆ ಹೊತ್ತಿನದೇ. ಯಾರೂ ಹೇಳಿರುವುದಿಲ್ಲ, ಯಾರೂ ಬೇಡವೆಂದರೂ ಕೇಳುವುದಿಲ್ಲ. ಬೆಳಗಿನ ಅಂಕಿ ಹೆಚ್ಚಾದಾಗೆಲ್ಲ ನಿನ್ನೆ ರಾತ್ರಿ ಏನು ತಿಂದೆ ಎಂದು ನನ್ನನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತಿದ್ದೆ. ಒಂಬತ್ತು ವರ್ಷದ ಆ ವಿಚಾರಣೆಗಳಲ್ಲಿ ಅರ್ಧದಷ್ಟನ್ನಾದರೂ ಈಗ ವಜಾ ಮಾಡಬಹುದು.

(ಅಣ್ಣನ ಅಂಗಾಲು ಉರಿಯ ಬಗ್ಗೆ ಇಲ್ಲಿ ಬರೆಯಬೇಕೆಂದಿದ್ದೆ. ಅವನು ರಾತ್ರಿ ಹೊದಿಕೆ ಕಾಲಿಗೆ ತಾಗಿದರೂ ತಡೆಯಲಾರದೆ, ಹಾಸಿಗೆ ಬಿಟ್ಟು ಕೆಂಪು ಗಾರೆ ನೆಲದ ಮೇಲೆ ಪಾದ ಊರಿಕೊಂಡು ಗೋಡೆಗೆ ಒರಗಿ ಕುಳಿತಿರುತ್ತಾನೆ. ನರಗಳು ಹಾಳಾದ ಉರಿ ರಾತ್ರಿಯೇ ಹೆಚ್ಚು. ಮೆಟ್‌ಫಾರ್ಮಿನ್ ಬಹುಕಾಲ ತೆಗೆದುಕೊಳ್ಳುವವರಲ್ಲಿ ಬಿ12 ಜೀವಸತ್ವ ಕಡಿಮೆಯಾಗಿಯೂ ಇದು ಹೆಚ್ಚಬಹುದಾದ್ದರಿಂದ ಅದನ್ನೊಮ್ಮೆ ಪರೀಕ್ಷಿಸಿಕೋ ಎಂದು ಹೇಳಿ ಹೇಳಿ ಸಾಕಾಗಿದೆ. ಅವನ ಗೊರಕೆಯ ಬಗ್ಗೆ ಅತ್ತಿಗೆ ಹೇಳುವುದನ್ನು ಕೇಳಿದರೆ ಅದಕ್ಕೂ ತಪಾಸಣೆ ಬೇಕು. ಗೊರಕೆ ನಡುವೆ ಉಸಿರು ನಿಂತು ನಿಂತು ಬರುತ್ತದಂತೆ. ಶುಗರ್ ಇರುವವರಲ್ಲಿ ಇದು ಹೆಚ್ಚು. ಆದರೆ 'ಗೊರಕೆ ಹೊಡೆದರೆ ಗಾಢ ನಿದ್ದೆ ಎಂದರ್ಥ' ಎನ್ನುವುದು ಅವನ ಸಿದ್ಧಾಂತ. ಹಗಲು ಅಂಗಡಿಯ ಗಲ್ಲಾದ ಮುಂದೆ ತೂಕಡಿಸುವುದಕ್ಕೂ ಅವನ ಹತ್ತಿರ ಬೇರೊಂದು ಸಿದ್ಧಾಂತವಿದೆ.)

ನಿದ್ದೆಗೆಟ್ಟವರ ಕೀರ್ತಿ

ಸಕ್ಕರೆ ನಿದ್ದೆಯನ್ನು ಕೆಡಿಸುತ್ತದೆ ಎಂಬುದು ಅರ್ಧ ಕಥೆ. ಇನ್ನರ್ಧವನ್ನು ಒಪ್ಪಿಕೊಳ್ಳಲು ನನಗೆ ಹೆಚ್ಚು ಸಮಯ ಹಿಡಿಯಿತು. 1999ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದವರು ಆರೋಗ್ಯವಾಗಿದ್ದ 11 ಯುವಕರನ್ನು ಆರು ರಾತ್ರಿ ನಾಲ್ಕು ನಾಲ್ಕು ಗಂಟೆ ಮಾತ್ರ ಮಲಗಲು ಬಿಟ್ಟು ನೋಡಿದರು. ಅಷ್ಟಕ್ಕೇ ಅವರ ದೇಹ ಸಕ್ಕರೆಯನ್ನು ನಿಭಾಯಿಸುವ ಬಗೆ ಕೆಟ್ಟಿತ್ತು. ಆಮೇಲೆ ಕಣ್ತುಂಬ ಮಲಗಲು ಬಿಟ್ಟಾಗ ಸುಧಾರಿಸಿತು. ನಿದ್ದೆಗೆಟ್ಟ ದೇಹ ಇನ್ಸುಲಿನ್ನಿನ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ. ಅದನ್ನು ಓದಿ ಹಳೆಯ ನೋಟ್‌ಪುಸ್ತಕಗಳನ್ನು ತೆಗೆದು ಕುಳಿತೆ. ಪ್ರತಿ ವರ್ಷವೂ ಏಪ್ರಿಲ್‌ನಲ್ಲಿ ನನ್ನ ಹಸಿರು ಅಂಕಿ ಏರಿದೆ. ಮಾವಿನಹಣ್ಣಿನ ಮೇಲೆ ಹಾಕಿದ್ದೆ ತಪ್ಪನ್ನು. ಆದರೆ ಆ ಅಂಕಿ ಹಿಂದಿನ ಮೂರು ತಿಂಗಳದ್ದು. ಜನವರಿಯಿಂದ ಮಾರ್ಚ್‌ವರೆಗೆ ನಮ್ಮ ಕಡೆ ಮಾವಿನಹಣ್ಣು ಎಲ್ಲಿದೆ? ಆಗ ಇರುವುದು ಎಸ್ಸೆಸ್ಸೆಲ್ಸಿ.

ಚರಕ ಸಂಹಿತೆ ಪ್ರಮೇಹದ (ಮಧುಮೇಹವೂ ಸೇರಿದ ಮೂತ್ರ ರೋಗಗಳ) ಕಾರಣಗಳನ್ನು ಹೇಳುವಾಗ ಆಸ್ಯಾಸುಖ, ಸ್ವಪ್ನಸುಖ ಎಂದು ಶುರು ಮಾಡುತ್ತದೆ. ಸುಖವಾಗಿ ಕೂರುವುದು, ಸುಖವಾಗಿ ಮಲಗುವುದು. ಹೊಟ್ಟೆ ತುಂಬಿದವರ ಕಾಯಿಲೆ ಎಂಬ ಆ ಎಣಿಕೆ ಅಂದಿಗೆ ಸರಿಯಿದ್ದಿರಬಹುದು, ಅತಿಯಾಗಿ ಮಲಗುವುದಕ್ಕೂ ಈ ಕಾಯಿಲೆಗೂ ನಂಟಿದೆ ಎಂದು ಈಗಿನವರೂ ಹೇಳುತ್ತಾರೆ. ಆದರೆ ಅದನ್ನು ನನ್ನ ಅಮ್ಮನ ಮುಂದೆ ಓದುವ ಧೈರ್ಯ ನನಗಿಲ್ಲ. ಅವಳು ಕಂಡ ಸ್ವಪ್ನಸುಖ ಎಷ್ಟು?

ನಮ್ಮಲ್ಲಿ ನಿದ್ದೆ ಬಿಟ್ಟವರಿಗೆ ಕೀರ್ತಿ ಇದೆ. ಹುಳುವಿನ ಮನೆಯಲ್ಲೂ ಇತ್ತು, ಶಾಲೆಯಲ್ಲೂ ಇದೆ. 'ನಿದ್ದೆಗೆಟ್ಟು ಓದಿದ' ಎನ್ನುವುದು ಪ್ರಮಾಣಪತ್ರ. ಫಲಿತಾಂಶ ಸುಧಾರಿಸಲೆಂದು ನಮ್ಮ ಶಾಲೆಯಲ್ಲಿ ಒಂದು ಏರ್ಪಾಡಿದೆ: ಪರೀಕ್ಷೆಗೆ ಮೂರು ತಿಂಗಳ ಮುಂಚಿನಿಂದ ಶಿಕ್ಷಕರು ಬೆಳಗಿನ ಜಾವ ಐದು ಗಂಟೆಗೆ ಹತ್ತನೆಯ ತರಗತಿಯ ಮಕ್ಕಳ ಮನೆಗೆ ಫೋನ್ ಮಾಡಿ ಎಬ್ಬಿಸಬೇಕು. ಮೊದಲ ವರ್ಷ ಎಲ್ಲರಿಗೂ ಹಂಚಿದ್ದರು. ಎರಡನೆಯ ವರ್ಷದಿಂದ ಹದಿನಾಲ್ಕು ಮಕ್ಕಳೂ ನನ್ನ ಪಾಲಿಗೇ ಬಂದರು. 'ನೀವು ಹೇಗಿದ್ದರೂ ಎದ್ದೇ ಇರುತ್ತೀರಲ್ಲ ಮೇಡಂ' ಎಂದರು ಮುಖ್ಯೋಪಾಧ್ಯಾಯರು. ನಿಜ, ನಾಲ್ಕೂಮುಕ್ಕಾಲಿಗೆ ನಾನು ಎದ್ದೇ ಇರುತ್ತಿದ್ದೆ. ಹೆಮ್ಮೆಯಿಂದ ಒಪ್ಪಿಕೊಂಡೆ. ನನ್ನ ಕಾಯಿಲೆಯ ಮೂರನೆಯ ಎಚ್ಚರವನ್ನು ಹದಿನಾಲ್ಕು ಮನೆಗಳಿಗೆ ಹಂಚುತ್ತಿದ್ದೇನೆ ಎಂದು ಹೊಳೆಯಲಿಲ್ಲ. 'ಎದ್ದೆಯೇನೋ?' ಎಂದರೆ ಆ ಕಡೆಯಿಂದ ಹದಿನೈದು ವರ್ಷದ ಹುಡುಗನ ನಿದ್ದೆಗಣ್ಣಿನ ಧ್ವನಿ, 'ಎದ್ದೆ ಮಿಸ್' ಎನ್ನುತ್ತಿತ್ತು. ಸುಳ್ಳು ಎಂದು ಇಬ್ಬರಿಗೂ ಗೊತ್ತು. ಅವರಲ್ಲಿ ಒಬ್ಬನ ಮನೆಯಲ್ಲಿ ಈಗಲೂ ಹುಳು ಸಾಕುತ್ತಾರೆ. ಅವನ ಧ್ವನಿಯ ಹಿಂದೆ ಆ ಸದ್ದು ಕೇಳಿಸುತ್ತಿತ್ತು.

ಈ ವರ್ಷ ಅಷ್ಟೇನೂ ಬದಲಾಗಿಲ್ಲ. ಒಂದೂವರೆಯದು ವಾರಕ್ಕೆ ಎರಡು ಮೂರು ಸಲ ಇದೆ. ಮೂರು ಗಂಟೆಯ ತಣ್ಣನೆಯ ಬೆವರು ಮತ್ತೆ ಬಂದಿಲ್ಲ, ಬಿಸಿ ಬೆವರು ಬರುತ್ತದೆ, ಅದಕ್ಕೆ ಫ್ಯಾನಿದೆ. ಸಂಕಷ್ಟಿ ಬಿಟ್ಟಿಲ್ಲ, ಅಂದಿನ ಮಾತ್ರೆಯ ಲೆಕ್ಕ ಬೇರೆ ಮಾಡಿಸಿಕೊಂಡಿದ್ದೇನೆ. ಫೆಬ್ರವರಿಯ ಒಂದು ಗುರುವಾರ ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು. ಎದೆ ಧಸಕ್ಕೆಂದಿತು. ಏನೋ ಆಗಿದೆ ಎಂದುಕೊಂಡು ಬೆವರಿದೆಯೇ ಎಂದು ಕತ್ತು ಮುಟ್ಟಿಕೊಂಡೆ, ನಾಲಿಗೆ ಹೊರಳಿಸಿ ನೋಡಿದೆ, ಸಕ್ಕರೆ ಡಬ್ಬದ ಕಡೆ ಕೈ ಹೋಯಿತು. ಏನೂ ಆಗಿರಲಿಲ್ಲ. ಮೊಬೈಲ್ ಸದ್ದು ಮಾಡುತ್ತಿತ್ತು. ಹುಳು ಸಾಕುವ ಮನೆಯ ಹುಡುಗ. 'ಮಿಸ್, ಇವತ್ತು ನೀವು ಫೋನ್ ಮಾಡಲಿಲ್ಲ. ಹುಷಾರಾಗಿದ್ದೀರಾ?' ಎಂದ. ಗಂಟೆ ಆರೂಕಾಲು. 'ಮಲಗಿಬಿಟ್ಟಿದ್ದೆ ಕಣೋ' ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಾನೂ ಮಿಸ್' ಎಂದ. ಹಿಂದೆ ಏನೂ ಸದ್ದಿರಲಿಲ್ಲ. 'ಹುಳು ಜ್ವರಕ್ಕೆ ಕುಳಿತಿವೆಯೇನೋ?' ಎಂದು ಕೇಳಿದೆ. 'ಹೌದು ಮಿಸ್, ಅಮ್ಮನೂ ಇನ್ನೂ ಎದ್ದಿಲ್ಲ' ಎಂದ.

ಬೆರಳು ಚುಚ್ಚಿ ನೋಡಿದೆ. 143. ಬರೆದುಕೊಂಡೆ.